ಪೂರ್ವರಂಗವಿಲ್ಲದ ತಿರುಗಾಟ: ಆ್ಯಕ್ಷನ್ ಸ್ಪೋರ್ಟ್ಸ್ ಟೂರ್ ಅನ್ನು ಕಾಸರಗೋಡಿನಿಂದ ನೋಡಿದಾಗ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಒಂದು ಭಾಗವಿದೆ.)

ಜನಪ್ರಿಯ ಸಂಸ್ಕೃತಿ ಅಂತ ಹೇಳುವಾಗ ನಾವು ಸಾಮಾನ್ಯವಾಗಿ ಸಿನಿಮಾ, ಧಾರಾವಾಹಿ, ಹಾಡು, ಇಷ್ಟಕ್ಕೇ ನಿಲ್ತೇವೆ. ಕ್ರೀಡೆಯ ಮಾತು ಬಂದರೆ ಕ್ರಿಕೆಟ್, ಹೆಚ್ಚೆಂದರೆ ಕಂಬಳ. ನಾನು ಇವತ್ತು ಎತ್ತಿಕೊಂಡಿರುವುದು ಸ್ಕೇಟ್‌ಬೋರ್ಡಿಂಗ್, ಬಿಎಂಎಕ್ಸ್ ಸೈಕಲ್ ಮತ್ತು ಫ್ರೀಸ್ಟೈಲ್ ಮೋಟೋಕ್ರಾಸ್ ಈ ಮೂರನ್ನೂ ಒಂದೇ ಚಪ್ಪರದಡಿ ಇಟ್ಟುಕೊಂಡು ಊರೂರು ತಿರುಗುವ ಸ್ಪರ್ಧೆಯನ್ನು. ಮುಖ್ಯ ಉದಾಹರಣೆ, ಅಮೆರಿಕದಲ್ಲಿ 2005ರಲ್ಲಿ ಶುರುವಾದ ಡ್ಯೂ ಟೂರ್.

ಕನ್ನಡ ವಿಭಾಗದಲ್ಲಿ ಇದನ್ನು ಯಾಕೆ ಚರ್ಚಿಸಬೇಕು ಅಂತ ಕೇಳಬಹುದು. ಒಂದು ಕಾರಣ, ಈ ಟೂರಿನ ದೃಶ್ಯಗಳು ಈಗ ನಮ್ಮ ಹುಡುಗರ ಫೋನಿನಲ್ಲಿ ಉಂಟು. ಎರಡನೆಯದು, ತಿರುಗಾಟ ಅನ್ನುವ ಪದ್ಧತಿಯನ್ನು ಅರ್ಥಮಾಡಿಕೊಳ್ಳಲು ನಮ್ಮಷ್ಟು ಒಳ್ಳೆಯ ಸಾಮಗ್ರಿ ಇರುವವರು ಕಡಿಮೆ. ದೀಪಾವಳಿಯ ನಂತರ ಹೊರಟು ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಮೇಳಗಳ ನಾಡು ಇದು. ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಇರುವುದು. ನಾವು "ಆಟಕ್ಕೆ ಹೋಗಿದ್ದೆ" ಅಂದರೆ ಅದು ಯಕ್ಷಗಾನವೇ. ಹಾಗಾಗಿ ಆಟವೂ ತಿರುಗಾಟವೂ ನಮಗೆ ಹೊರಗಿನಿಂದ ಬಂದ ಪರಿಕಲ್ಪನೆಗಳಲ್ಲ.

ಮೊದಲು ಟೂರಿನ ರಚನೆ ನೋಡುವ. 2005ರ ಮೊದಲ ವರ್ಷ ಐದು ಊರು: ಲೂಯಿವಿಲ್, ಡೆನ್ವರ್, ಪೋರ್ಟ್‌ಲ್ಯಾಂಡ್, ಸ್ಯಾನ್ ಹೋಸೆ, ಒರ್ಲಾಂಡೋ. ಐದು ಕಡೆಯ ಅಂಕಗಳನ್ನು ಕೂಡಿಸಿ ವರ್ಷದ ಚಾಂಪಿಯನ್‌ಗೆ ಡ್ಯೂ ಕಪ್. ಹಿಂದೆ ಎನ್‌ಬಿಸಿ ಟಿವಿ ಜಾಲ, ಮುಂದೆ ತಂಪು ಪಾನೀಯದ ಹೆಸರು. ಒಂದೊಂದು ಊರಿನ ಸ್ಪರ್ಧೆಗೂ ಮತ್ತೊಂದು ಕಂಪೆನಿಯ ಹೆಸರು: ಪ್ಯಾನಸೋನಿಕ್ ಓಪನ್, ರೈಟ್ ಗಾರ್ಡ್ ಓಪನ್, ವ್ಯಾನ್ಸ್ ಇನ್ವಿಟೇಷನಲ್, ಟೊಯೋಟಾ ಚಾಲೆಂಜ್, ಪ್ಲೇಸ್ಟೇಷನ್ ಪ್ರೋ. ಪ್ರಾಯೋಜಕನ ಹೆಸರು ಬಂತು ಅಂತ ನಾವು ಮೂಗು ಮುರಿಯಬೇಕಾಗಿಲ್ಲ. ನಮ್ಮಲ್ಲಿ ಮೇಳ ದೇವಸ್ಥಾನದ ಹೆಸರಿನಲ್ಲಿ ಹೊರಡುತ್ತದೆ, ಆಯಾ ರಾತ್ರಿಯ ಆಟ ಹರಕೆ ಹೇಳಿಕೊಂಡ ಮನೆಯವರ ಸೇವೆ ಆಗಿರ್ತದೆ. ಖರ್ಚು ಕೊಡುವವನ ಹೆಸರು ಕರಪತ್ರದಲ್ಲಿ ಇರುವುದು ಹೊಸತೇನಲ್ಲ.

ವ್ಯತ್ಯಾಸ ಇರುವುದು ಬೇರೆ ಕಡೆ. ಮೇಳ ತನ್ನ ಜೊತೆಗೆ ತನ್ನ ಶಾಲೆಯನ್ನೂ ಕರೆದುಕೊಂಡು ಹೋಗುತ್ತದೆ. ಪ್ರಸಂಗ ಶುರುವಾಗುವ ಮೊದಲು ಕೋಡಂಗಿ ಬರ್ತಾನೆ, ಬಾಲಗೋಪಾಲರು ಬರ್ತಾರೆ, ಸ್ತ್ರೀವೇಷ ಬರ್ತದೆ. ಅವರಲ್ಲಿ ಹೆಚ್ಚಿನವರು ಕಲಿಯುವ ಹುಡುಗರು. ತಾಳ ತಪ್ಪುತ್ತದೆ, ಹೆಜ್ಜೆ ತಡವರಿಸುತ್ತದೆ, ಬೇಗ ಬಂದು ಕೂತ ಪ್ರೇಕ್ಷಕರ ಎದುರೇ ತಪ್ಪುತ್ತದೆ. ಅದೇ ಹುಡುಗ ಕೆಲವು ವರ್ಷಗಳ ನಂತರ ಅಭಿಮನ್ಯುವಾಗಿ ಬಂದು ಧೀಂಗಿಣ ಹಾಕುವಾಗ, ಆ ಎತ್ತರ ಎಲ್ಲಿಂದ ಬಂತು ಅಂತ ಊರಿಗೆ ಗೊತ್ತಿರುತ್ತದೆ. ಕಲಿಕೆಯನ್ನು ರಂಗದ ಮೇಲೆಯೇ ಇಟ್ಟು ತೋರಿಸುವ ಈ ವ್ಯವಸ್ಥೆಗೆ ಪೂರ್ವರಂಗ ಅಂತ ಹೆಸರು. ನನ್ನ ವಾದ ಇಷ್ಟೇ: ಆ್ಯಕ್ಷನ್ ಸ್ಪೋರ್ಟ್ಸ್ ಟೂರ್ ಎಂಬುದು ಪೂರ್ವರಂಗವನ್ನು ಕಿತ್ತುಹಾಕಿದ ತಿರುಗಾಟ. ಅದರ ಅಪಾಯ ಹಾರುವವನಿಗಿಂತ ನೋಡುವವನಿಗೇ ಹೆಚ್ಚು.

ಫ್ರೀಸ್ಟೈಲ್ ಮೋಟೋಕ್ರಾಸನ್ನೇ ತೆಗೆದುಕೊಳ್ಳಿ. ಕಬ್ಬಿಣದ ರ‍್ಯಾಂಪ್, ಸುಮಾರು 75 ಅಡಿ ದೂರದಲ್ಲಿ ಮಣ್ಣಿನ ಇಳಿಜಾರು, ನಡುವೆ ಖಾಲಿ ಗಾಳಿ. ಆ ಗಾಳಿಯಲ್ಲಿ ಸವಾರ ಕೈ ಬಿಡ್ತಾನೆ, ಸೀಟು ಬಿಟ್ಟು ನೀಳಕ್ಕೆ ಚಾಚಿಕೊಳ್ತಾನೆ, ಬೈಕಿನ ಸಮೇತ ಹಿಂದಕ್ಕೆ ಲಾಗ ಹಾಕ್ತಾನೆ. ಪ್ರೇಕ್ಷಕನಿಗೆ ಕಾಣುವುದು ಎರಡೋ ಮೂರೋ ಸೆಕೆಂಡು. ಆದರೆ ಆ ಲಾಗ ಕಲಿತದ್ದು ಫೋಮ್ ಪಿಟ್‌ನಲ್ಲಿ, ಅಂದರೆ ಸ್ಪಂಜಿನ ತುಂಡುಗಳನ್ನು ತುಂಬಿಸಿದ ದೊಡ್ಡ ಗುಂಡಿಯಲ್ಲಿ. ಅಲ್ಲಿ ನೂರು ಸಲ ತಲೆಕೆಳಗಾಗಿ ಬಿದ್ದು, ಬೈಕನ್ನು ಕ್ರೇನಿನಲ್ಲಿ ಎತ್ತಿಸಿ, ಮತ್ತೆ ಹಾರಿ, ಆಮೇಲೆ ಮಣ್ಣಿನ ಮೇಲೆ. ಟೂರಿನ ನೇರಪ್ರಸಾರದಲ್ಲಿ ಈ ಗುಂಡಿಗೆ ಜಾಗ ಇಲ್ಲ.

ಇನ್ನು ಅಂಕದ ವಿಷಯ. ನಮ್ಮ ಕಡೆ ಅಂಕ ಅಂದರೆ ಪರೀಕ್ಷೆಯ ಮಾರ್ಕು, ನಾಟಕದ ಭಾಗ, ಕೋಳಿ ಅಂಕವೂ ಹೌದು. ಟೂರಿನ ಅಂಕದಲ್ಲಿ ಈ ಮೂರೂ ಸೇರಿವೆ ಅಂತ ನನಗೆ ಕಾಣುತ್ತದೆ. ತೀರ್ಪುಗಾರರು ಒಂದು ಓಟವನ್ನು ಇಡಿಯಾಗಿ ನೋಡಿ ನೂರರೊಳಗೆ ಅಂಕ ಕೊಡ್ತಾರೆ. ಎತ್ತರ, ಕಷ್ಟ, ಹೊಸತನ, ಶೈಲಿ ಎಲ್ಲವೂ ಲೆಕ್ಕಕ್ಕೆ ಉಂಟು. ಆದರೆ ಶೈಲಿಯನ್ನು ಎಣಿಸುವುದು ಕಷ್ಟ, ಸುತ್ತನ್ನು ಎಣಿಸುವುದು ಸುಲಭ. 2000ರಲ್ಲಿ ಗ್ರಾವಿಟಿ ಗೇಮ್ಸ್‌ನಲ್ಲಿ ಕೇರಿ ಹಾರ್ಟ್ ದೊಡ್ಡ ಬೈಕಿನಲ್ಲಿ ಬ್ಯಾಕ್‌ಫ್ಲಿಪ್‌ಗೆ ಕೈಹಾಕಿದಾಗ ಅದೇ ಒಂದು ಪವಾಡ. 2006ರ ಎಕ್ಸ್ ಗೇಮ್ಸ್‌ನಲ್ಲಿ ಟ್ರಾವಿಸ್ ಪಸ್ಟ್ರಾನಾ ಎರಡು ಲಾಗ ಹಾಕಿದ, 98.60 ಅಂಕ ಬಂತು. 2015ರಲ್ಲಿ ಜಾಶ್ ಶೀಹನ್ ಮೂರು ಲಾಗ ಹಾಕಿದ. ಒಂದು, ಎರಡು, ಮೂರು. ಹದಿನೈದು ವರ್ಷದ ಇತಿಹಾಸವನ್ನು ಬೆರಳಿನಲ್ಲಿ ಹೇಳಿ ಮುಗಿಸಬಹುದು. ಅದೇ ಅವಧಿಯಲ್ಲಿ ಒಬ್ಬ ಸವಾರನ ಮೈಯ ಬಾಗು ಹೇಗೆ ಬದಲಾಯಿತು, ಇಳಿಯುವಾಗಿನ ಮೆದುತನ ಹೇಗೆ ಬಂತು ಅಂತ ಹೇಳ್ಲಿಕ್ಕೆ ನಮ್ಮಲ್ಲಿ ಪದ ಇಲ್ಲ.

ತೆಂಕುತಿಟ್ಟಿನವರಿಗೆ ಈ ಜಗಳ ಹಳತು. ಧೀಂಗಿಣ ಎಷ್ಟಾಯ್ತು ಅಂತ ಸಭೆಯೇ ಎಣಿಸುತ್ತದೆ, ಸಿಳ್ಳೆ ಬೀಳುತ್ತದೆ. ಹಿಂದಿನ ಸಾಲಿನಲ್ಲಿ ಕೂತ ಹಿರಿಯರು, "ಇದೆಂತ ಮಾರಾಯ್ರೇ, ಸರ್ಕಸ್ಸಾ?" ಅಂತ ಗೊಣಗ್ತಾರೆ. ಆದರೆ ಅದೇ ಹಿರಿಯರು "ಸಿಡಿಲಮರಿ" ಎನಿಸಿಕೊಂಡಿದ್ದ ಪುತ್ತೂರು ಶ್ರೀಧರ ಭಂಡಾರಿಯವರ ಧೀಂಗಿಣವನ್ನು ಬೈಯುವುದಿಲ್ಲ. ಯಾಕೆಂದರೆ ಅಲ್ಲಿ ಸುತ್ತು ಪಾತ್ರಕ್ಕೆ ಸೇರಿದ್ದು. ಚಕ್ರವ್ಯೂಹದ ಒಳಗೆ ಸಿಕ್ಕಿಬಿದ್ದ ಹುಡುಗ ತಿರುಗಿಯೇ ತಿರುಗಬೇಕು. ಅಂದರೆ ನಮ್ಮ ಪ್ರೇಕ್ಷಕ ಸುತ್ತನ್ನು ಎಣಿಸುವುದರ ಜೊತೆಗೆ ತೂಗುವುದನ್ನೂ ಬಲ್ಲ. ಈ ತೂಕದ ಕಣ್ಣು ಪೂರ್ವರಂಗದಿಂದ ಬಂದದ್ದು. ಕಲಿಯುವವನನ್ನು ನೋಡಿ ಗೊತ್ತಿದ್ದವನು ಮಾತ್ರ ಕಲಿತವನನ್ನು ತೂಗಬಲ್ಲ.

ಎಕ್ಸ್ ಗೇಮ್ಸ್‌ನಲ್ಲೇ ಇದಕ್ಕೆ ಒಂದು ಸಾಕ್ಷಿ ಉಂಟು. 1999ರಲ್ಲಿ ಟೋನಿ ಹಾಕ್ ಸ್ಕೇಟ್‌ಬೋರ್ಡಿನಲ್ಲಿ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗಿ ಇಳಿದ. ಅದು ಸಾಧ್ಯವಾದದ್ದು ನಿಗದಿತ ಸಮಯ ಮುಗಿದ ಮೇಲೆ. ಮತ್ತೆ ಮತ್ತೆ ಬಿದ್ದ, ಮತ್ತೆ ಹತ್ತಿದ. ಉಳಿದ ಸ್ಪರ್ಧಿಗಳು ತಮ್ಮ ಸರದಿ ಬಿಟ್ಟು ನಿಂತು ನೋಡಿದರು. ಆ ಕ್ರೀಡೆಯಲ್ಲಿ ಅತಿ ಹೆಚ್ಚು ನೆನಪಿನಲ್ಲಿ ಉಳಿದ ದೃಶ್ಯ ಇದೇ. ನೆನಪಿನಲ್ಲಿ ಉಳಿದದ್ದು ಎರಡೂವರೆ ಸುತ್ತಿನಿಂದ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ. ಬೀಳುವುದನ್ನು ಜನ ಕಣ್ಣಾರೆ ನೋಡಿದರು. ಗಡಿಯಾರ ಮುರಿದು ಆ ರಾತ್ರಿ ಪೂರ್ವರಂಗ ರಂಗಕ್ಕೆ ಬಂತು.

ಇನ್ನು ನಮ್ಮದೇ ಊರಿನ ಇನ್ನೊಂದು ತಿರುಗಾಟ: ಮರಣಬಾವಿ. ಎಕ್ಸಿಬಿಷನ್ನು, ಜಾತ್ರೆಗಳಿಗೆ ಬರುವ ಮರದ ಹಲಗೆಯ ದೊಡ್ಡ ಪೀಪಾಯಿ. ಮೇಲಿನ ಅಟ್ಟದಲ್ಲಿ ಜನ, ಒಳಗೆ ನೆಟ್ಟಗಿನ ಗೋಡೆಯ ಮೇಲೆ ಓಡುವ ಬೈಕು, ಕೆಲವೊಮ್ಮೆ ಕಾರು. ಸವಾರ ಮೊದಲು ತಳದಲ್ಲಿ ಸುತ್ತುತ್ತಾನೆ, ಓರೆ ಹಲಗೆ ಹತ್ತುತ್ತಾನೆ, ವೇಗ ಸಾಕಾದ ಮೇಲೆ ಗೋಡೆಗೆ ಏರುತ್ತಾನೆ. ಕೈ ಬಿಟ್ಟು, ಅಡ್ಡ ಕೂತು, ಮೇಲಿನವರು ಚಾಚಿದ ಹತ್ತು ರೂಪಾಯಿ ನೋಟು ಕಿತ್ತುಕೊಳ್ಳುತ್ತಾನೆ. ಇಲ್ಲಿ ಅಂಕ ಇಲ್ಲ, ಕಪ್ ಇಲ್ಲ. ಆಟ ಮುಗಿದ ಮೇಲೆ ಅವನ ಹೆಸರು ಕೂಡ ಯಾರಿಗೂ ಗೊತ್ತಿರುವುದಿಲ್ಲ. ಡ್ಯೂ ಟೂರ್ ಮತ್ತು ಮರಣಬಾವಿ ನಡುವೆ ಅಪಾಯದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಲೆಕ್ಕದಲ್ಲಿ: ಒಬ್ಬನ ಹಾರಾಟ ದಾಖಲಾಗುತ್ತದೆ, ಇನ್ನೊಬ್ಬನದ್ದು ನೋಟಿನ ಜೊತೆ ಜೇಬಿಗೆ ಹೋಗುತ್ತದೆ. ಹಾಗಾಗಿ ಅಂಕವನ್ನು ನಾನು ತಳ್ಳಿಹಾಕುವುದಿಲ್ಲ. ಅಂಕ ಇದ್ದದ್ದರಿಂದಲೇ ಸವಾರನಿಗೆ ಹೆಸರು ಬಂತು, ಹೆಸರಿನಿಂದ ಅನ್ನ ಬಂತು. ಅಪಾಯ ಮಾತ್ರ ಅದರಿಂದ ಹೋಗಲಿಲ್ಲ. 2009ರಲ್ಲಿ ಜೆರೆಮಿ ಲಸ್ಕ್ ಎಂಬ ಪ್ರಸಿದ್ಧ ಸವಾರ ಕೋಸ್ಟರಿಕಾದ ಸ್ಪರ್ಧೆಯೊಂದರಲ್ಲಿ ಬಿದ್ದು ತೀರಿಕೊಂಡ. ಫೋಮ್ ಪಿಟ್‌ನಲ್ಲಿ ಕಲಿತವನಿಗೇ ಹೀಗಾಗಿದ್ದರೆ ಕಲಿಯದವನ ಕಥೆ ಏನು?

ಇಲ್ಲಿಂದ ನಮ್ಮ ರಸ್ತೆಗೆ ಬರೋಣ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಈಗ ಆರು ಪಥ. ನಯವಾದ, ನೇರವಾದ, ರಾತ್ರಿ ಹೊತ್ತು ಖಾಲಿ ಕಾಣುವ ಡಾಮರು. ಒಂದು ಚಕ್ರ ಎತ್ತಿ ಬೈಕು ಓಡಿಸುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ರ‍್ಯಾಂಪ್ ಬೇಕಾ? ಅವನು ನೋಡಿದ್ದು ಟೂರಿನ ಆ ಮೂರು ಸೆಕೆಂಡು. ಭಯದ ಆಚೆಗೆ ಗೆಲುವಿದೆ ಎಂಬ ಅರ್ಥದ ತಂಪು ಪಾನೀಯದ ಜಾಹೀರಾತನ್ನು ನಾವೆಲ್ಲ ನೋಡಿದ್ದೇವೆ. ಇಂಥ ಜಾಹೀರಾತಿನ ಅಡಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಪರಿಣತರು ಮಾಡಿದ್ದು, ಅನುಕರಿಸಬೇಡಿ ಅಂತ ಬರುತ್ತದೆ. ಇಡೀ ಫೋಮ್ ಪಿಟ್ ಆ ಸಣ್ಣ ಅಕ್ಷರದೊಳಗೆ ಹೂತುಹೋಗಿದೆ.

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನ ಪ್ರಕಾರ ರಾಜ್ಯ ಸರಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ಪಂದ್ಯ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಸಿನವ ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದ ತನಕ ಸೆರೆವಾಸವೂ ಆಗಬಹುದು. ಕಾನೂನು ತಪ್ಪು ಅಂತ ನಾನು ಹೇಳುವುದಿಲ್ಲ, ರಸ್ತೆಯಲ್ಲಿ ಸಾಯುವವರಲ್ಲಿ ದಾರಿಹೋಕರೂ ಇದ್ದಾರೆ. ಆದರೆ ಒಂದು ಗಮನಿಸಿ. ಸಾಹಸಕ್ಕೆ ನಮ್ಮಲ್ಲಿ ಇರುವುದು ಎರಡೇ ಭಾಷೆ: ಒಂದು ಜಾಹೀರಾತಿನದು, ಇನ್ನೊಂದು ದಂಡದ ರಶೀದಿಯದು. ನಡುವೆ ಅಭ್ಯಾಸದ ಭಾಷೆ ಇಲ್ಲ.

ಈ ಕ್ರೀಡೆಗಳ ಹುಟ್ಟಿನಲ್ಲಿ ಅಭ್ಯಾಸದ ನೆಲ ಇತ್ತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬರ ಬಂದು ಮನೆಗಳ ಈಜುಕೊಳ ಖಾಲಿಯಾದಾಗ ಹುಡುಗರು ಅದರೊಳಗೆ ಸ್ಕೇಟ್‌ಬೋರ್ಡು ಇಳಿಸಿದರು. ದೊಡ್ಡವರ ಮೋಟೋಕ್ರಾಸ್ ನೋಡಿ ಮಕ್ಕಳು ಸೈಕಲಿನಲ್ಲಿ ಮಣ್ಣಿನ ದಿಬ್ಬ ಹಾರಿದ್ದೇ ಬಿಎಂಎಕ್ಸ್ ಆಯಿತು. ಟೂರಿನ ರ‍್ಯಾಂಪ್ ಆ ಈಜುಕೊಳದ ನಕಲು. ಬಿಚ್ಚಿ ಲಾರಿಯಲ್ಲಿ ಹಾಕಬಹುದಾದ ನಕಲು. ನಕಲು ಊರಿಗೆ ಬರುತ್ತದೆ, ನಾಲ್ಕು ದಿನ ಇರುತ್ತದೆ, ಹೋಗುತ್ತದೆ. ಡ್ಯೂ ಟೂರ್ ಮುಂದೆ ತನ್ನ ದಾರಿಯನ್ನು ಸ್ವಲ್ಪ ಬದಲಿಸಿತು. 2021ರ ಮೇ ತಿಂಗಳಲ್ಲಿ ಟೋಕಿಯೋ ಒಲಿಂಪಿಕ್ಸಿನ ಅರ್ಹತಾ ಸ್ಪರ್ಧೆಯಾಗಿ ಡೆ ಮೊಯಿನ್ ನಗರಕ್ಕೆ ಬಂದಾಗ ಅದು ನಡೆದದ್ದು ಆ ಊರು ಕಟ್ಟಿಕೊಂಡ ಶಾಶ್ವತ ಸ್ಕೇಟ್‌ಪಾರ್ಕಿನಲ್ಲಿ. ಟೂರ್ ಹೋದ ಮೇಲೂ ಕಾಂಕ್ರೀಟು ಮಕ್ಕಳಿಗೆ ಉಳಿಯಿತು. ಬೆಂಗಳೂರಿನಲ್ಲೂ 2013ರಲ್ಲಿ ಹೋಲಿ ಸ್ಟೋಕ್ಡ್ ಎಂಬ ಸ್ಕೇಟರುಗಳ ಬಳಗ ಲೀವೈಸ್ ಕಂಪೆನಿಯ ನೆರವಿನಿಂದ ಸ್ಕೇಟ್‌ಪಾರ್ಕ್ ಕಟ್ಟಿತು. 2024ರಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ಲೀಗ್ ಪುಣೆ, ಅಹಮದಾಬಾದ್ ಸುತ್ತಿ ಬೆಂಗಳೂರಿಗೆ ಬಂತು. ಈ ಎರಡರಲ್ಲಿ ಯಾವುದು ದೊಡ್ಡದು ಅಂತ ಕೇಳಿದರೆ ಲೀಗೇ ದೊಡ್ಡದು. ಆದರೆ ವಿಮರ್ಶೆ ಕೇಳಬೇಕಾದ ಪ್ರಶ್ನೆ ಬೇರೆ: ಲಾರಿ ಹೋದ ಮೇಲೆ ಮರುದಿನ ಬೆಳಿಗ್ಗೆ ಅಲ್ಲಿ ಒಬ್ಬ ಹುಡುಗ ಬಿದ್ದು ಏಳ್ಲಿಕ್ಕೆ ಜಾಗ ಉಂಟಾ?

ನಾನು ಇಲ್ಲಿಗೆ ನಿಲ್ಲಿಸ್ತೇನೆ.

ಸಂವಾದ

ಪ್ರಶ್ನೆ (ಅಧ್ಯಾಪಕರೊಬ್ಬರು): ಯಕ್ಷಗಾನ ಆರಾಧನೆಯ ಹಿನ್ನೆಲೆ ಇರುವ ಕಲೆ. ಅದನ್ನು ಕಂಪೆನಿಯ ಟೂರಿಗೆ ಹೋಲಿಸುವುದು ಅತಿಯಾಗಲಿಲ್ವಾ?

ಉತ್ತರ: ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ ಸರ್. ನಾನು ಹೋಲಿಸಿದ್ದು ಕಲಿಕೆಯನ್ನು ಎಲ್ಲಿಡುತ್ತಾರೆ ಅನ್ನುವುದನ್ನು ಮಾತ್ರ. ಇನ್ನೊಂದು ವಿಷಯ, ಈ ಹೋಲಿಕೆ ನಮಗೂ ಎಚ್ಚರಿಕೆ ಕೊಡುತ್ತದೆ. ಆಟ ಕಾಲಮಿತಿಗೆ ಬಂದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೇ ಅಲ್ವಾ? ಟಿವಿಯ ಸಮಯಕ್ಕೆ ಟೂರ್ ಮಾಡಿದ್ದನ್ನು ನಾವು ನಮ್ಮ ಸಮಯಕ್ಕೆ ಮಾಡ್ತಾ ಇದ್ದೇವೆ.

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿನಿ): ಆಸ್ಪತ್ರೆಗೆ ಮಂಗಳೂರಿಗೆ ಓಡುವ ಜಿಲ್ಲೆ ನಮ್ಮದು. ಇಲ್ಲಿ ಸ್ಕೇಟ್‌ಪಾರ್ಕ್ ಕೇಳುವುದು ಐಷಾರಾಮ ಅಲ್ವಾ?

ಉತ್ತರ: ಒಳ್ಳೆ ಪ್ರಶ್ನೆ. ಆಸ್ಪತ್ರೆ ಮೊದಲು, ಅದರಲ್ಲಿ ವಾದ ಇಲ್ಲ. ಆದರೆ ಹುಡುಗರು ಹಾರುವುದನ್ನು ನಾವು ಅನುಮತಿ ಕೊಡುವವರೆಗೆ ನಿಲ್ಲಿಸಿ ಇಟ್ಟಿಲ್ಲ, ಅವರು ಈಗಲೇ ಹೆದ್ದಾರಿಯಲ್ಲಿ ಹಾರ್ತಾ ಇದ್ದಾರೆ. ಪಂಚಾಯತಿನ ಮೈದಾನದ ಮೂಲೆಯಲ್ಲಿ ಒಂದು ಮಣ್ಣಿನ ದಿಬ್ಬ, ಹೆಲ್ಮೆಟ್ ಹಾಕಿಸಿ ನಿಲ್ಲಿಸುವ ಒಬ್ಬ ಕಲಿಸುವವರು, ಅಷ್ಟೇ ಸಾಕು ಶುರು ಮಾಡ್ಲಿಕ್ಕೆ. ಬಿಎಂಎಕ್ಸ್ ಹುಟ್ಟಿದ್ದೂ ಅಂಥ ದಿಬ್ಬದಲ್ಲೇ. ಸಂಜೆ ಹೊತ್ತು ನಾವು ಹೋಗಿ ಬದಿಯಲ್ಲಿ ನಿಂತು, ಅವರು ಬೀಳುವುದನ್ನು ನೋಡಬೇಕು. ಅಷ್ಟು ನೋಡಿದ ಮೇಲೆ ಅವರ ಬಗ್ಗೆ ಬರೆಯಲು ನಮಗೂ ಪದ ಸಿಕ್ಕೀತು.