ಪ್ರವೇಶನೀತಿಯ ಫಲಪರೀಕ್ಷೆ: ಒಂದು ವಿಮರ್ಶೆ

ಕಾಲೇಜು ಪ್ರವೇಶದಲ್ಲಿ ಜಾತಿಯನ್ನಾಗಲಿ ವರ್ಣವನ್ನಾಗಲಿ ಗಣಿಸುವುದು ನ್ಯಾಯವೇ ಎಂಬ ಚರ್ಚೆ ಹಳೆಯದು. ಗಣಿಸುವುದನ್ನು ನಿಲ್ಲಿಸಿದ ಮೇಲೆ ಏನಾಯಿತೆಂಬ ಪ್ರಶ್ನೆ ಅದರಿಂದ ಭಿನ್ನವಾದುದು. ಮೊದಲನೆಯದಕ್ಕೆ ತತ್ತ್ವವಿಚಾರ ಸಾಕು; ಎರಡನೆಯದಕ್ಕೆ ದಾಖಲೆ ಬೇಕು, ದಾಖಲೆಗೆ ಹಣ ಬೇಕು. ಆ ಹಣವನ್ನು ಯಾರು ಕೊಡುವರು, ಯಾರನ್ನು ಎಣಿಸಲು ಕೊಡುವರು ಎಂಬುದರ ಮೇಲೆ ಇಂತಹ ಸಂಶೋಧನೆಯ ಬೆಲೆ ನಿಂತಿದೆ.

ವಿಲಿಯಂ ಬೋವೆನ್ ಮತ್ತು ಡೆರೆಕ್ ಬಾಕ್ ಅವರ ‘ದಿ ಶೇಪ್ ಆಫ್ ದಿ ರಿವರ್’ (1998) ಈ ಕ್ಷೇತ್ರದ ಪ್ರಸಿದ್ಧ ಗ್ರಂಥ. ಅಮೆರಿಕದ 28 ಪ್ರತಿಷ್ಠಿತ ವಿದ್ಯಾಸಂಸ್ಥೆಗಳಿಗೆ 1951, 1976 ಮತ್ತು 1989ರಲ್ಲಿ ಸೇರಿದವರ ಜೀವನವನ್ನು ಅದು ಪರಿಶೀಲಿಸಿ, ವರ್ಣವನ್ನು ಗಣಿಸಿದ್ದರಿಂದ ಹಿತವೇ ಆಯಿತೆಂದು ನಿರ್ಣಯಿಸುತ್ತದೆ. ನಿರ್ಣಯ ಸರಿಯಿರಬಹುದು, ವಿಧಾನದಲ್ಲಿ ಎರಡು ಕೊರತೆಗಳಿವೆ. ಅಂಕಿಅಂಶ ಕೂಡಿಸಿದ್ದು ಮೆಲನ್ ಪ್ರತಿಷ್ಠಾನ. ಆಗ ಅದರ ಅಧ್ಯಕ್ಷರು ಬೋವೆನ್ನರೇ. ಲೆಕ್ಕ ಬರೆದವನೇ ಲೆಕ್ಕವನ್ನು ತಪಾಸಣೆ ಮಾಡುವ ಪದ್ಧತಿಯನ್ನು ಯಾವ ಪೇಢಿಯೂ ಒಪ್ಪದು. ಎರಡನೆಯದಾಗಿ, ಅವರು ಒಳಗೆ ಬಂದವರನ್ನು ಎಣಿಸಿದರು. ಬಾಗಿಲಿನಿಂದ ಹಿಂದಿರುಗಿದವರನ್ನು ಹಿಂಬಾಲಿಸಲಿಲ್ಲ.

ಈ ಎರಡನೆಯ ಕೊರತೆಯನ್ನು ಜ್ಯಾಕರಿ ಬ್ಲೀಮರ್ ತುಂಬಿದರು. ಕ್ಯಾಲಿಫೋರ್ನಿಯಾದಲ್ಲಿ 1996ರ ಜನಮತವು ವರ್ಣಗಣನೆಯನ್ನು ನಿಷೇಧಿಸಿತು. 1994ರಿಂದ 2002ರವರೆಗೆ ಅರ್ಜಿ ಹಾಕಿದವರೆಲ್ಲರ ದಾಖಲೆಗಳನ್ನು ಪರೀಕ್ಷಿಸಿ, ನಿಷೇಧದ ಬಳಿಕ ಹಿಂದುಳಿದ ಸಮುದಾಯಗಳ ವಿದ್ಯಾರ್ಥಿಗಳು ಕೆಳದರ್ಜೆಯ ಕಾಲೇಜುಗಳಿಗೆ ಸರಿದುದನ್ನೂ, ಅವರ ಮುಂದಿನ ವೇತನ ಕುಗ್ಗಿದುದನ್ನೂ 2022ರಲ್ಲಿ ಪ್ರಕಟವಾದ ಅವರ ಪ್ರಬಂಧ ತೋರಿಸಿತು. 2023ರ ಜೂನ್ 29ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅದೇ ನಿಷೇಧವನ್ನು ದೇಶಕ್ಕೆಲ್ಲ ವಿಸ್ತರಿಸಿತು. ಫಲವನ್ನು ಅಳೆಯುವುದು ಅತ್ಯವಶ್ಯವಾದ ಈ ಹೊತ್ತಿನಲ್ಲಿಯೇ, 2025ರ ಏಪ್ರಿಲಿನಲ್ಲಿ, ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಸಮಾನತೆ, ವೈವಿಧ್ಯಗಳಿಗೆ ಸಂಬಂಧಿಸಿದ ಅನೇಕ ಅನುದಾನಗಳನ್ನು ರದ್ದುಪಡಿಸಿತು.

ಕನ್ನಡನಾಡು ಇಂತಹ ಪ್ರಯೋಗವನ್ನು ಅರುವತ್ತು ವರ್ಷಗಳ ಹಿಂದೆಯೇ ಕಂಡಿತ್ತು. ಎಂಜಿನಿಯರಿಂಗ್ ಹಾಗೂ ವೈದ್ಯಕೀಯ ಕಾಲೇಜುಗಳ ನೂರಕ್ಕೆ 68 ಸ್ಥಾನಗಳನ್ನು ಕಾಯ್ದಿರಿಸಿದ ಮೈಸೂರು ಸರಕಾರದ ಆಜ್ಞೆಯನ್ನು ಸುಪ್ರೀಂ ಕೋರ್ಟು 1962ರಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ತಳ್ಳಿಹಾಕಿತು. ಬಳಿಕ 1963ರಲ್ಲಿ ಸರಕಾರವು ಹಿಂದುಳಿದ ವರ್ಗಗಳನ್ನು ಗುರುತಿಸುವಾಗ ಜಾತಿಯನ್ನು ಬಿಟ್ಟು, ಕಸುಬು ಮತ್ತು 1,200 ರೂಪಾಯಿಗಳ ವಾರ್ಷಿಕ ವರಮಾನದ ಮಿತಿಯನ್ನು ಹಿಡಿಯಿತು. ನೌಕರನ ವರಮಾನ ಸಂಬಳದ ಪುಸ್ತಕದಲ್ಲಿರುತ್ತದೆ. ಜಮೀನುದಾರನ ವರಮಾನ ಅವನ ಮಾತಿನಲ್ಲಿರುತ್ತದೆ. ಈ ಅಳತೆಗೋಲಿನಿಂದ ಯಾರು ಸ್ಥಾನ ಪಡೆದರು, ಯಾರು ಕಳೆದುಕೊಂಡರು ಎಂಬುದನ್ನು ವರ್ಷವರ್ಷವೂ ಬರೆದಿಡಬೇಕಾಗಿತ್ತು. 1972ರಲ್ಲಿ ನೇಮಕಗೊಂಡು 1975ರಲ್ಲಿ ವರದಿಯಿತ್ತ ಹಾವನೂರು ಆಯೋಗವು ಜಾತಿವಾರು ಅಂಕಿಅಂಶಗಳನ್ನು ಶ್ರಮದಿಂದ ಕೂಡಿಸಿತು. ಆದರೆ ಅದರ ಮುಖ್ಯ ಶೈಕ್ಷಣಿಕ ಮಾನದಂಡ ಎಸ್.ಎಸ್.ಎಲ್.ಸಿ. ತೇರ್ಗಡೆ, ಅದು ಪ್ರೌಢಶಾಲೆಯನ್ನು ಅಳೆಯುತ್ತದೆ, ಕಾಲೇಜಿನ ಬಾಗಿಲನ್ನು ಅಳೆಯದು. ಹಣ ವೆಚ್ಚವಾದರೂ ಫಲ ಬೆಳಕಿಗೆ ಬಾರದಿರುವುದು ಇನ್ನೊಂದು ದೋಷ: 2015ರ ಕರ್ನಾಟಕದ ಸಮೀಕ್ಷೆಯ ವರದಿ ಸರಕಾರದ ಕೈಸೇರಿದುದು 2024ರಲ್ಲಿ, 2025ರಲ್ಲಿ ಮತ್ತೆ ಹೊಸ ಸಮೀಕ್ಷೆ.

ಕನ್ಹಾನ್ ತೀರದ ದಂಡಿನ ಊರಾದ ಕಾಮಠಿಯು ದಲಿತ ಚಳವಳಿಯ ಮುಂದಾಳು ಎಲ್.ಎನ್. ಹರದಾಸರ (1904–1939) ಊರು. ಕಲಬುರಗಿಯಿಂದ ಇಂತಹ ಊರಿಗೆ ದುಡಿಯಲು ಬಂದ ಪರಿಶಿಷ್ಟ ಜಾತಿಯ ಕುಟುಂಬದ ಮಗುವಿಗೆ ಮಹಾರಾಷ್ಟ್ರದ ಮೀಸಲು ಸ್ಥಾನ ದೊರೆಯದು. ಇದು 1990ರಲ್ಲಿ ಮುಂಬಯಿಯ ವೈದ್ಯಕೀಯ ಕಾಲೇಜೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ ನ್ಯಾಯ. ಎರಡು ರಾಜ್ಯಗಳ ಪಟ್ಟಿಗಳಲ್ಲಿ ಒಂದೇ ಹೆಸರಿದ್ದರೂ ಹಕ್ಕು ಹಿಂಬಾಲಿಸದೆಂದು 1994ರಲ್ಲಿ ಅದು ಸ್ಪಷ್ಟಪಡಿಸಿತು. ಸ್ಥಳೀಯ ಬಡವರ ಪಾಲನ್ನು ಕಾಯುವ ಈ ವಾದದಲ್ಲಿ ಹುರುಳಿದೆ. ಆದರೆ ರೈಲು ಇಳಿದ ಮಾತ್ರಕ್ಕೆ ಮಗುವಿನ ಹಿಂದುಳಿದಿರುವಿಕೆ ಇಳಿದುಹೋಗುವುದಿಲ್ಲ. ಆ ಮಗುವಿನ ಪಾಲಿಗೆ, ಯಾವ ಜನಮತವೂ ಇಲ್ಲದೆ, ಜಾತಿಗಣನೆ ನಿಂತಿದೆ.

ಒಂದೇ ಜಾತಿ, ಒಂದೇ ಕಸುಬು. ಅಣ್ಣನ ಮಕ್ಕಳು ಊರಿನಲ್ಲಿ, ತಮ್ಮನ ಮಕ್ಕಳು ಪರನಾಡಿನಲ್ಲಿ. ಈ ಎರಡು ಮನೆಗಳನ್ನು ಹೋಲಿಸುವ ಅಧ್ಯಯನಕ್ಕೆ ದೊಡ್ಡ ಪ್ರತಿಷ್ಠಾನದ ನಿಧಿ ಬೇಡ. ಹೊರನಾಡ ಸಂಘಗಳ ಸದಸ್ಯರ ವಂತಿಗೆಯಿಂದಲೂ ಅದನ್ನು ಆರಂಭಿಸಬಹುದು. ಉತ್ಸವಗಳಿಗೆ ಹಣವೆತ್ತುವ ಸಂಘಗಳಿಗೆ ಈ ಎಣಿಕೆಯೂ ಕನ್ನಡದ ಕೆಲಸವೇ ಆಗಬೇಕು.