ಬೋರ್ಗ್ ಹಳೆಯ ಪ್ರತಿಗಳನ್ನು ಸವರುವ ಬಗೆ

ಗಣಕದ ಕಡತಗಳಿಗೆ ಬ್ಯಾಕಪ್, ಅಂದರೆ ಕಾಯ್ದಿರಿಸುವ ಪ್ರತಿ, ತೆಗೆಯುವ ತಂತ್ರಾಂಶಗಳು ಹಲವಿದ್ದರೂ, ಹಳೆಯ ಪ್ರತಿಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂಬುದನ್ನು 2015ರಲ್ಲಿ ಆಟಿಕ್ ಎಂಬ ತಂತ್ರಾಂಶದಿಂದ ಕವಲೊಡೆದ ಬೋರ್ಗ್ ನಿರ್ಧರಿಸುವ ನಾಜೂಕು ನಿಜಕ್ಕೂ ಮೆಚ್ಚತಕ್ಕದ್ದು. ಏಳು ದಿನದ, ನಾಲ್ಕು ವಾರದ, ಆರು ತಿಂಗಳ ಪ್ರತಿಗಳು ಸಾಕೆಂದು ನಿಯಮ ಕೊಟ್ಟರೆ ಅದು ಆಯಾ ಅವಧಿಯ ಕಟ್ಟಕಡೆಯ ಪ್ರತಿಯನ್ನು ಆರಿಸಿಕೊಳ್ಳುತ್ತದೆ. ದಿನದ ಲೆಕ್ಕದಲ್ಲಿ ಉಳಿದದ್ದನ್ನು ವಾರದ ಲೆಕ್ಕಕ್ಕೆ ಮತ್ತೆ ಹಿಡಿಯುವುದಿಲ್ಲ. ಅದಕ್ಕಿಂತ ಸೊಗಸಾದ ಸಂಗತಿಯೆಂದರೆ, ಪ್ರತಿಯನ್ನೇ ತೆಗೆಯದ ದಿನ ಎಣಿಕೆಗೆ ಬರುವುದಿಲ್ಲ. ಆಟಿ ತಿಂಗಳ ಗಾಳಿಮಳೆಗೆ ವಾಮದಪದವಿನಂಥ ಊರಿನಲ್ಲಿ ಮೂರು ದಿನ ಕರೆಂಟು ಹೋಗಿ ಗಣಕ ಆರಿಯೇ ಇದ್ದರೂ, ದಿನದ ಏಳು ಪ್ರತಿಗಳು ಏಳಾಗಿಯೇ ಉಳಿದಿರುತ್ತವೆ.



ಬೋರ್ಗ್ ಕಡತವನ್ನು ತುಣುಕುಗಳಾಗಿ ಸೀಳಿ, ಒಂದೇ ಬಗೆಯ ತುಣುಕನ್ನು ಒಮ್ಮೆ ಮಾತ್ರ ಇರಿಸುವುದರಿಂದ, ಒಂದು ಪ್ರತಿಯನ್ನು ಅಳಿಸಿದಾಗ ಬೇರಾವ ಪ್ರತಿಗೂ ಬೇಡವಾದ ತುಣುಕುಗಳಷ್ಟೇ ಅನಾಥವಾಗುತ್ತವೆ; 1.2ನೆಯ ಆವೃತ್ತಿಯಿಂದ ಈಚೆಗೆ ಅವನ್ನು ಗುಡಿಸಿ ಜಾಗ ತೆರವು ಮಾಡುವುದು ‘ಕಾಂಪ್ಯಾಕ್ಟ್’ ಎಂಬ ಬೇರೆ ಆಜ್ಞೆಯ ಕೆಲಸ. ಏನನ್ನೂ ಮುಟ್ಟದೆ ಪರಿಣಾಮವನ್ನಷ್ಟೇ ತೋರಿಸುವ ‘ಡ್ರೈ ರನ್’ ಪರೀಕ್ಷೆಯಲ್ಲಿ, ಪ್ರತಿಗಳ ಪಟ್ಟಿಯನ್ನೂ ಕೇಳಿದರೆ, ಉಳಿಯುವ ಒಂದೊಂದು ಪ್ರತಿಯೂ ದಿನ, ವಾರ, ತಿಂಗಳುಗಳಲ್ಲಿ ಯಾವ ನಿಯಮದಿಂದ, ಎಷ್ಟನೆಯದಾಗಿ ಉಳಿಯಿತೆಂಬುದನ್ನು ಬೋರ್ಗ್ ಸಾಲುಸಾಲಾಗಿ ಬರೆದು ತೋರಿಸುತ್ತದೆ.