ಶ್ವಾಸಕೋಶದ ಅರ್ಬುದದಲ್ಲಿ ‘ಅಭಿವ್ಯಕ್ತಿ’ಯ ವಿಚಾರ

ಅಭಿವ್ಯಕ್ತಿಯೆಂಬ ಶಬ್ದವು ಅಲಂಕಾರಶಾಸ್ತ್ರಜ್ಞರಿಗೆ ಚಿರಪರಿಚಿತವಾದುದು. ರಸವು ಅಭಿವ್ಯಕ್ತವಾಗುವುದೆಂಬುದು ಅಭಿನವಗುಪ್ತಾಚಾರ್ಯರ ಪಕ್ಷ. ಅದೇ ಶಬ್ದವನ್ನು ಈಗಿನ ವೈದ್ಯಲೇಖಕರು, ಜೀನಿನಲ್ಲಿ ಅಡಗಿರುವ ಸೂಚನೆಯಂತೆ ಜೀವಕೋಶವು ಪ್ರೋಟೀನನ್ನು ನಿರ್ಮಿಸುವ ಕ್ರಿಯೆಗೆ ಬಳಸುತ್ತಾರೆ. ಮೇಲ್ಚರ್ಮದ ವರ್ಧಕಾಂಶವನ್ನು ಕಂಡುಹಿಡಿದ ಸ್ಟಾನ್ಲಿ ಕೋಹೆನ್ ಅವರಿಗೆ, ರೀಟಾ ಲೆವಿ-ಮೊಂಟಾಲ್ಚಿನಿಯವರೊಡನೆ, 1986ರಲ್ಲಿ ನೊಬೆಲ್ ಬಹುಮಾನವು ಸಂದಿತು. ಆ ಅಂಶದ ಗ್ರಾಹಕವು ಶ್ವಾಸಕೋಶದ ಅರ್ಬುದದಲ್ಲಿ ಅನೇಕ ವೇಳೆ ಅಧಿಕವಾಗಿರುವುದರಿಂದ, ಗ್ರಾಹಕವು ಹೆಚ್ಚಿದಷ್ಟೂ ರೋಗಿಯ ಆಯುಸ್ಸು ಕಡಮೆಯೆಂಬ ಮತವು ಹುಟ್ಟಿಕೊಂಡಿತು.

ಈ ಮತವು ಪರೀಕ್ಷೆಗೆ ನಿಲ್ಲಲಿಲ್ಲ. ಅಂಗಾಂಶದ ತೆಳುವಾದ ಪದರಕ್ಕೆ ಪ್ರತಿಕಾಯವನ್ನು ಸೇರಿಸಿ, ಬಣ್ಣವೇರಿದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು ಇದರ ಕ್ರಮ. ಎಷ್ಟು ಬಣ್ಣವೇರಿದರೆ ‘ಅಧಿಕ’ವೆನ್ನಬೇಕೆಂಬಲ್ಲಿ ಒಬ್ಬೊಬ್ಬರದು ಒಂದೊಂದು ಮೇರೆ. ಫಲವನ್ನು ನೋಡಿದ ಮೇಲೆ ಮೇರೆಯನ್ನು ಎಳೆದರಂತೂ, ಅರ್ಥವನ್ನು ಮೊದಲೇ ನಿಶ್ಚಯಿಸಿಕೊಂಡು ಓಲೆಗರಿಯ ಪಾಠವನ್ನು ತಿದ್ದುವ ಸಂಪಾದಕನ ಕೆಲಸಕ್ಕೂ ಇದಕ್ಕೂ ಭೇದವೇ ಉಳಿಯದು. ಮೇರೆಯನ್ನು ನಿರ್ಣಯಿಸಿದ ಬಗೆಯನ್ನು ಲೇಖಕರು ತಿಳಿಸಬೇಕೆಂದು 2005ರ ‘ರಿಮಾರ್ಕ್’ ನಿಯಮಾವಳಿಯು ವಿಧಿಸಿದುದು ಯುಕ್ತವೇ ಆಗಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಗ್ರಾಹಕದ ಆಧಿಕ್ಯಕ್ಕೂ ಆಯುಸ್ಸಿಗೂ ನಂಬತಕ್ಕ ಸಂಬಂಧವು ತೋರಿಬರಲಿಲ್ಲ.

ಪ್ರಮಾಣದಲ್ಲಿ ಸಿಕ್ಕದುದು ರೂಪದಲ್ಲಿ ಸಿಕ್ಕಿತು. ಗ್ರಾಹಕದ ಜೀನಿನಲ್ಲಿಯೇ ಕೆಲವು ರೋಗಿಗಳಿಗೆ ವಿಕಾರವಿರುವುದು 2004ರಲ್ಲಿ ತಿಳಿದುಬಂದಿತು. ಅವುಗಳಲ್ಲಿ ಮುಖ್ಯವಾದುವು ಎರಡು: ಒಂದೆಡೆ ಕೆಲವು ಅಕ್ಷರಗಳು ಬಿಟ್ಟುಹೋಗಿರುತ್ತವೆ, ಇನ್ನೊಂದೆಡೆ ಒಂದಕ್ಷರಕ್ಕೆ ಮತ್ತೊಂದು ಬಂದಿರುತ್ತದೆ. ವೈಯಾಕರಣರು ಇವನ್ನು ಲೋಪ, ಆದೇಶಗಳೆಂದು ಕರೆದಾರು. ಪೂರ್ವ ಏಷ್ಯದ 1217 ರೋಗಿಗಳಲ್ಲಿ ಜಿಫಿಟಿನಿಬ್ ಮಾತ್ರೆಯನ್ನು ರಾಸಾಯನಿಕ ಚಿಕಿತ್ಸೆಯೊಡನೆ ಹೋಲಿಸಿದ ಅಧ್ಯಯನವು 2009ರಲ್ಲಿ ಪ್ರಕಟವಾಯಿತು. ವಿಕಾರವುಳ್ಳವರಲ್ಲಿ ರೋಗವು ಮುಂದುವರಿಯುವ ಅಪಾಯವು ಮಾತ್ರೆಯಿಂದ ಅರ್ಧಕ್ಕಿಂತ ಕಡಮೆಯಾಯಿತು. ವಿಕಾರವಿಲ್ಲದವರಲ್ಲಿ ಸುಮಾರು 2.85 ಪಾಲಿಗೆ ಏರಿತು.

ಇಲ್ಲಿ ಪದವಿವೇಕವು ಅವಶ್ಯವಾಗಿದೆ. ಚರಕಸಂಹಿತೆಯ ಇಂದ್ರಿಯಸ್ಥಾನದ ಅರಿಷ್ಟಲಕ್ಷಣಗಳು ರೋಗವು ಎತ್ತ ಸಾಗುವುದೆಂಬುದನ್ನು ಹೇಳತಕ್ಕವು. ಮೇಲಣ ಜೀನಿನ ವಿಕಾರವಾದರೋ ಯಾವ ಔಷಧವು ಯಾರಿಗೆ ಫಲಿಸುವುದೆಂಬುದನ್ನು ಹೇಳತಕ್ಕದ್ದು. ಮೊದಲನೆಯದನ್ನು ಗತಿಸೂಚಕವೆಂದೂ ಎರಡನೆಯದನ್ನು ಫಲಸೂಚಕವೆಂದೂ ಬೇರ್ಪಡಿಸಿ ಹೇಳುವುದು ಮೇಲು. ಎರಡನ್ನೂ ‘ಮುನ್ಸೂಚಕ’ವೆಂಬ ಒಂದೇ ಮಾತಿನಿಂದ ಮುಚ್ಚಿದರೆ, ಬಣ್ಣವು ಮಂಕಾಗಿದ್ದರೂ ವಿಕಾರವುಳ್ಳ ರೋಗಿಗೆ ತಕ್ಕ ಮಾತ್ರೆಯು ತಪ್ಪಿಹೋದೀತು.